ಸಹದೇವಿಯ ನೆಂಟ

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವವರು ಹೆಮ್ಮಾಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗುತ್ತಾರೆ. ಚಳಿಗಾಲದ ತಿಂಗಳುಗಳಲ್ಲಿ ಈ ಊರಿನ ಗದ್ದೆಗಳಿಗೆ ಬಣ್ಣವೇ ಬೇರೆ. ಬತ್ತದ ಕೊಯ್ಲು ಮುಗಿದು ಒಣಗಿ ನಿಂತ ಬಯಲಿನ ನಡುವೆ ಸೇವಂತಿಗೆಯ ತಾಕುಗಳು ಹಳದಿ ಬಟ್ಟೆಯನ್ನು ಬಿಸಿಲಿಗೆ ಹರವಿದಂತೆ ಕಾಣುತ್ತವೆ. ಹೆಮ್ಮಾಡಿ ಸೇವಂತಿಗೆ ಎಂದೇ ಹೆಸರಾದ ಈ ಹೂವು ಮಕರಸಂಕ್ರಾಂತಿಯ ವೇಳೆಗೆ ಬುಟ್ಟಿ ತುಂಬಿ, ಅದೇ ದಾರಿಯ ಮುಂದಿನ ಮಾರಣಕಟ್ಟೆಯ ಜಾತ್ರೆಗೆ ಹೋಗುತ್ತದೆ. ಅಲ್ಲಿಯ ಬ್ರಹ್ಮಲಿಂಗೇಶ್ವರನಿಗೆ ಸೇವಂತಿಗೆಯನ್ನು ಒಪ್ಪಿಸುವುದು ಈ ಸೀಮೆಯ ಜನರಿಗೆ ಹರಕೆಯೂ ಹೌದು, ಹಬ್ಬವೂ ಹೌದು.

ಮಾರಣಕಟ್ಟೆಯ ಕಡೆಯಿಂದ ಮುಂದಕ್ಕೆ ಹೋದಂತೆ ನೆಲ ಏರುತ್ತದೆ. ತೆಂಗು ಹಿಂದೆ ಉಳಿಯುತ್ತದೆ. ಅಡಿಕೆಯ ತೋಟ, ರಬ್ಬರಿನ ಸಾಲು ಬರುತ್ತವೆ. ಕೊನೆಗೆ ಅವೂ ಮುಗಿದು ದಾರಿಯ ಎರಡು ಬದಿಗೂ ಕಾಡೇ ನಿಲ್ಲುತ್ತದೆ. ಸೌಪರ್ಣಿಕೆಯ ನೀರು ಕಲ್ಲಿನಿಂದ ಕಲ್ಲಿಗೆ ಇಳಿಯುವ ಈ ಸ್ಥಳದಲ್ಲಿ ತಲೆಯೆತ್ತಿದರೆ ಮೋಡವಿಲ್ಲದ ದಿನ ಕೊಡಚಾದ್ರಿಯ ನೆತ್ತಿ ಕಾಣುತ್ತದೆ. ಅದರ ಎತ್ತರ 1343 ಮೀಟರು. ಸಮುದ್ರದಿಂದ ಬಂದ ಮಳೆಮೋಡಗಳು ಈ ಗೋಡೆಗೆ ತಾಗಿ ನೀರಿಳಿಸುವುದರಿಂದ ಇಲ್ಲಿಯ ಕಾಡು ವರ್ಷದ ಎಲ್ಲ ಋತುಗಳಲ್ಲಿಯೂ ಹಸುರಾಗಿರುತ್ತದೆ. ಇದನ್ನು ನಿತ್ಯಹರಿದ್ವರ್ಣದ ಕಾಡು ಎಂದೂ ಮಳೆಕಾಡು ಎಂದೂ ಕರೆಯುತ್ತಾರೆ.

ಪಶ್ಚಿಮ ಘಟ್ಟದ ಇಂಥ ಮಳೆಕಾಡುಗಳಲ್ಲಿ ಒಂದು ಮರವುಂಟು. ಅದು ಹೆಮ್ಮಾಡಿಯ ಸೇವಂತಿಗೆಯ ನೆಂಟ. ಮೊಣಕಾಲೆತ್ತರದ ಗಿಡಕ್ಕೂ ಇಪ್ಪತ್ತು ಮೀಟರಿನ ಮರಕ್ಕೂ ನೆಂಟಸ್ತಿಕೆ ಎಂದರೆ ನಿಮಗೆ ನಗು ಬರಬಹುದು. ಆದರೆ ಬಿದಿರೂ ಬತ್ತವೂ ಒಂದೇ ಹುಲ್ಲಿನ ಕುಟುಂಬದವು ಎಂದು ನೀವು ಈಗಾಗಲೇ ಓದಿದ್ದೀರಿ. ಸಸ್ಯಗಳ ಮನೆತನವನ್ನು ಗುರುತಿಸುವವರು ಅವುಗಳ ನಿಲುವನ್ನು ನೋಡುವುದಿಲ್ಲ, ಹೂವನ್ನು ನೋಡುತ್ತಾರೆ. ಒಂದು ಮನೆಯ ಮಕ್ಕಳಲ್ಲಿ ಒಬ್ಬ ಎತ್ತರ, ಒಬ್ಬ ಗಿಡ್ಡ ಇರಬಹುದು. ಮೂಗು ಮಾತ್ರ ಅಜ್ಜನದೇ. ಸಸ್ಯಗಳಿಗೆ ಹೂವೇ ಆ ಮೂಗು.

ಈ ಮನೆತನದ ಮೂಗು ಹೇಗಿದೆ ಎಂದು ತಿಳಿಯಬೇಕಾದರೆ ಒಂದು ಸೇವಂತಿಗೆಯನ್ನೋ ಸೂರ್ಯಕಾಂತಿಯನ್ನೋ ಕೈಗೆ ತೆಗೆದುಕೊಂಡು ನಡುವೆ ಸೀಳಬೇಕು. ನಾವು ಒಂದು ಹೂವು ಎಂದುಕೊಂಡದ್ದು ಒಂದಲ್ಲ. ಅಂಚಿನಲ್ಲಿ ಎಸಳಿನಂತೆ ಕಾಣುವ ಪ್ರತಿಯೊಂದು ನಾಲಗೆಯೂ ಒಂದು ಹೂವು. ನಡುವಿನ ಬಿಲ್ಲೆಯಲ್ಲಿ ಒತ್ತಾಗಿ ನಿಂತ ಪ್ರತಿಯೊಂದು ಸಣ್ಣ ನಳಿಕೆಯೂ ಒಂದು ಹೂವು. ಸೇವಂತಿಗೆಯಲ್ಲಿ ನಾಲಗೆಗಳು ಹೆಚ್ಚು. ಸೂರ್ಯಕಾಂತಿಯಲ್ಲಿ ನಳಿಕೆಗಳು ಹೆಚ್ಚು. ಇವನ್ನೆಲ್ಲ ಕೆಳಗಿನಿಂದ ಹಸುರು ಎಸಳುಗಳ ಒಂದು ಬಟ್ಟಲು ಹಿಡಿದುಕೊಂಡಿರುತ್ತದೆ. ಹೀಗೆ ಅನೇಕ ಕಿರುಹೂಗಳು ಕೂಡಿ ಒಂದೇ ಹೂವಿನಂತೆ ತೋರುವ ಗೊಂಚಲಿಗೆ ಸಸ್ಯಶಾಸ್ತ್ರದಲ್ಲಿ ಚೆಂಡುಮಂಜರಿ ಎಂದು ಹೆಸರು. ನಮ್ಮ ಚೆಂಡುಹೂವಿಗೂ ಈ ಹೆಸರು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಹಳೆಯ ಸಸ್ಯಶಾಸ್ತ್ರಜ್ಞರು ಈ ಕುಟುಂಬವನ್ನು ಕಂಪಾಸಿಟೆ, ಅಂದರೆ ಸಂಯುಕ್ತ ಹೂಗಳ ಕುಟುಂಬ ಎಂದು ಕರೆದರು. ಈಗಿನ ಹೆಸರು ಆಸ್ಟರೇಸಿ. ಆಸ್ಟರ್ ಎಂದರೆ ನಕ್ಷತ್ರ.

ಹೂಬಿಡುವ ಸಸ್ಯಗಳಲ್ಲಿ ಇಷ್ಟು ದೊಡ್ಡ ಕುಟುಂಬಗಳು ಬಹಳ ಇಲ್ಲ. ಇದಕ್ಕೆ ಸರಿಗಟ್ಟುವುದು ಸೀತಾಳೆಯ, ಅಂದರೆ ಆರ್ಕಿಡ್ಡುಗಳ ಕುಟುಂಬವೊಂದೇ. ಆಸ್ಟರೇಸಿಯಲ್ಲಿ ಇಪ್ಪತ್ತೈದು ಸಾವಿರದಷ್ಟು ಪ್ರಭೇದಗಳುಂಟು. ಲೋಕದ ಹೂಗಿಡಗಳಲ್ಲಿ ಹತ್ತಕ್ಕೆ ಸುಮಾರು ಒಂದು ಈ ಮನೆಯದು. ಎಣ್ಣೆಗೆ ಕುಸುಬೆ, ಹುಚ್ಚೆಳ್ಳು, ತಲೆಗೂದಲಿಗೆ ಹಚ್ಚುವ ತೈಲಕ್ಕೆ ಗರುಗ, ಮದ್ದಿಗೆ ಕಾಡುಜೀರಿಗೆ. ಹೊಲಕ್ಕೆ ಶತ್ರುವಾದ ಪಾರ್ಥೇನಿಯಂ ಕೂಡ ಇದರ ಕುಡಿಯೇ. ದೊಡ್ಡ ಮನೆತನದಲ್ಲಿ ಎಲ್ಲ ಬಗೆಯವರೂ ಇರುತ್ತಾರೆ.

ನಮ್ಮ ಕಥೆಗೆ ಮುಖ್ಯವಾದುದು ಈ ಮನೆಯ ಒಂದು ಬಡ ಗಿಡ. ಗದ್ದೆಯ ಅಂಚಿನಲ್ಲಿ, ಶಾಲೆಯ ಅಂಗಳದ ಮೂಲೆಯಲ್ಲಿ, ಬಾವಿಕಟ್ಟೆಯ ಬಿರುಕಿನಲ್ಲಿ ಅದು ತಾನಾಗಿ ಬೆಳೆಯುತ್ತದೆ. ತೆಳುವಾದ ಕಾಂಡ, ತುದಿಯಲ್ಲಿ ನೇರಿಳೆ ಬಣ್ಣದ, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದಾದ ಹೂಚೆಂಡುಗಳು. ಇದು ಸಹದೇವಿ. ಜ್ವರದ ಕಷಾಯಕ್ಕೆ ಅಜ್ಜಿಯಂದಿರು ಹುಡುಕುತ್ತಿದ್ದ ಗಿಡ. ಇದರ ಚೆಂಡಿನಲ್ಲಿ ನಾಲಗೆಯ ಹೂಗಳಿಲ್ಲ. ಇರುವುದೆಲ್ಲ ನಳಿಕೆಯ ಹೂಗಳೇ. ಹೂ ಒಣಗಿದ ಮೇಲೆ ಚೆಂಡು ಬಿಳಿಯ ಕುಂಚದಂತೆ ಬಿರಿಯುತ್ತದೆ. ಊದಿದರೆ ಒಂದೊಂದು ಬೀಜವೂ ತನ್ನ ತಲೆಯ ಮೇಲೆ ರೇಷ್ಮೆಯಂಥ ಕೂದಲ ಕುಚ್ಚನ್ನು ಹೊತ್ತು ಗಾಳಿಯಲ್ಲಿ ತೇಲುತ್ತದೆ. ಬೇರೆ ಹೂಗಳಲ್ಲಿ ಮೊಗ್ಗನ್ನು ಕಾಯುವ ಹಸುರು ಪುಷ್ಪಪಾತ್ರೆ ಇಲ್ಲಿ ಕೂದಲಾಗಿ ಮಾರ್ಪಟ್ಟಿದೆ. ನೀವು ಹಿಡಿಯಲು ಓಡುವ ಎಕ್ಕದ ಬೀಜಕ್ಕೂ ಕುಚ್ಚುಂಟು; ಆದರೆ ಅದು ಬೀಜದ ಸಿಪ್ಪೆಯಿಂದಲೇ ಹುಟ್ಟಿದ ಕೂದಲು. ಎರಡೂ ಹಾರುತ್ತವೆ, ಹಾರುವ ಉಪಾಯವನ್ನು ಬೇರೆ ಬೇರೆಯಾಗಿ ಕಂಡುಕೊಂಡಿವೆ.

ಈಗ ಮರಕ್ಕೆ ಬರೋಣ. ಅದರ ಶಾಸ್ತ್ರೀಯ ಹೆಸರು ವರ್ನೋನಿಯ ಆರ್ಬೋರಿಯ. ನೆಟ್ಟಗೆ ಮೇಲೇರುವ ಕಾಂಡ. ಎಳೆಯ ರೆಂಬೆಗಳ ಮೇಲೆ ನವುರಾದ ರೋಮ. ರೆಂಬೆಯ ಸುತ್ತ ಒಂದೊಂದಾಗಿ ಸುತ್ತಿ ಬರುವ, ನಯವಾದ ಅಂಚಿನ, ಗೇಣುದ್ದಕ್ಕೆ ಮೀರದ ಎಲೆಗಳು. ಇಷ್ಟು ಗುರುತನ್ನು ಹಿಡಿದುಕೊಂಡು ಕಾಡಿಗೆ ಹೋದರೆ ಮರ ಸಿಕ್ಕುವುದು ಕಷ್ಟ. ಇಂಥ ಎಲೆಯ ಮರಗಳು ಅಲ್ಲಿ ಎಷ್ಟೋ ಇವೆ. ಮಳೆ ಬಿಟ್ಟ ಮೇಲಿನ ತಿಂಗಳುಗಳಲ್ಲಿ ಅದು ಹೂ ಬಿಟ್ಟಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ರೆಂಬೆಯ ತುದಿಗಳಲ್ಲಿ ಅಗಲವಾಗಿ ಹರಡಿದ ಗೊಂಚಲು. ಗೊಂಚಲಿನ ತುಂಬ ಬಿಳಿಚಾದ ನೇರಿಳೆ ಬಣ್ಣದ ಪುಟ್ಟ ಚೆಂಡುಗಳು. ಒಂದೊಂದು ಚೆಂಡಿನಲ್ಲಿ ಐದಾರು ನಳಿಕೆಯ ಹೂಗಳು. ಕೆಲವು ವಾರಗಳ ಮೇಲೆ ಎಳ್ಳಿನಷ್ಟು ಸಣ್ಣ ಬೀಜಗಳು, ಅವುಗಳ ತಲೆಯ ಮೇಲೆ ಅದೇ ಕೂದಲ ಕುಚ್ಚು. ಸಹದೇವಿಯನ್ನು ಯಾರೋ ಇಪ್ಪತ್ತು ಮೀಟರಿನ ಕಂಬದ ತುದಿಗೆ ಕಟ್ಟಿದಂತೆ!

ಈ ಹೋಲಿಕೆ ಬರಿಯ ನೋಟದ್ದಲ್ಲ. ಬಹುಕಾಲದವರೆಗೆ ಸಹದೇವಿಯ ಶಾಸ್ತ್ರೀಯ ಹೆಸರು ವರ್ನೋನಿಯ ಸಿನೆರಿಯ ಎಂದಿತ್ತು. ಗಿಡಕ್ಕೂ ಮರಕ್ಕೂ ಒಂದೇ ಮನೆಹೆಸರು. ಇತ್ತೀಚಿನ ಪಂಡಿತರು ದೊಡ್ಡ ವರ್ನೋನಿಯ ಜಾತಿಯನ್ನು ಒಡೆದು, ಸಹದೇವಿಯನ್ನು ಸಯಾಂತಿಲಿಯಂ ಎಂಬಲ್ಲಿಯೂ ಮರವನ್ನು ಸ್ಟ್ರೋಬೋಕೇಲಿಕ್ಸ್ ಎಂಬಲ್ಲಿಯೂ ಇರಿಸಿದ್ದಾರೆ. ಒಂದು ಮನೆ ಪಾಲಾಗಿ ಎರಡು ಒಲೆ ಆದಂತೆ; ರಕ್ತಸಂಬಂಧ ಹೋಗುವುದಿಲ್ಲ. ಈ ಪಾಠದಲ್ಲಿ ಹಳೆಯ ಹೆಸರನ್ನೇ ಹಿಡಿದು ವರ್ನೋನಿಯ ಮರ ಎಂದು ಕರೆಯೋಣ.

ಆ ಹೆಸರಿಗೂ ಒಂದು ಚರಿತ್ರೆಯಿದೆ. ವರ್ನನ್ ಎಂಬ ಇಂಗ್ಲೆಂಡಿನವನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಗಿಡಗಳನ್ನು ಸಂಗ್ರಹಿಸಿದ. ಅವನ ನೆನಪಿಗಾಗಿ ವರ್ನೋನಿಯ ಎಂಬ ಹೆಸರು ಬಂದಿತು. ಆರ್ಬೋರಿಯ ಎಂದರೆ ಮರವಾದುದು. ನಮ್ಮ ಮರಕ್ಕೆ ಹೀಗೆ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ. 1801ರ ಮೊದಲ ತಿಂಗಳುಗಳಲ್ಲಿ ಕುಂದಾಪುರ, ಬೈಂದೂರುಗಳನ್ನು ಹಾದು ಭಟ್ಕಳದ ಕಡೆಗೆ ಹೋದ. ದಾರಿಯಲ್ಲಿ ಕಂಡ ಬೆಳೆ, ತೆರಿಗೆ, ಅಳತೆ, ಮರಮಟ್ಟು, ಯಾವುದನ್ನೂ ಬಿಡದೆ ದಿನಚರಿಯಲ್ಲಿ ಬರೆದುಕೊಂಡ. ಆ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರ ಬಳಿಕ, 1820ರ ದಶಕದಲ್ಲಿ, ಲಂಡನ್ನಿನ ಲಿನೇಯನ್ ಸೊಸೈಟಿಯ ಸಂಪುಟವೊಂದರಲ್ಲಿ ಅವನು ಈ ಮರದ ಹೆಸರನ್ನು ಪ್ರಕಟಿಸಿದ. ಬುಕಾನನ್ನನು ಬಂದದ್ದು ಕಂಪೆನಿಯ ಬೊಕ್ಕಸಕ್ಕೆ ಈ ನೆಲದಿಂದ ಏನು ಸಿಕ್ಕೀತು ಎಂದು ತಿಳಿಯುವುದಕ್ಕೆ. ಅದನ್ನು ಮರೆಯಬಾರದು. ಆದರೂ ಯಾರಿಗೂ ಬೇಡವಾದ ಒಂದು ಹಗುರ ಮರಕ್ಕೆ ಹೆಸರಿಡುವಷ್ಟು ತಾಳ್ಮೆ ಅವನಿಗಿತ್ತು ಎಂಬುದನ್ನೂ ಮರೆಯಲಾಗದು.

ಬೇಡವಾದ ಮರ ಎಂದೆನಷ್ಟೆ. ಬೋಗಿ, ಹೊನ್ನೆ, ಹೆಬ್ಬಲಸು ಎಂದರೆ ದೋಣಿ ಕಟ್ಟುವವರಿಗೂ ಮನೆ ಕಟ್ಟುವವರಿಗೂ ಗೊತ್ತು. ಧೂಪದ ಮರ ರಾಳಕ್ಕೆ, ರಾಮಪತ್ರೆ ಸಾಂಬಾರಕ್ಕೆ, ಮುರುಗಲು ಹುಳಿಗೆ. ಊರಿಗೆ ಉಪಕಾರವಾದ ಮರಗಳ ಈ ಪಟ್ಟಿಯಲ್ಲಿ ವರ್ನೋನಿಯ ಮರಕ್ಕೆ ಸ್ಥಾನವಿಲ್ಲ. ಮನುಷ್ಯನ ಲೆಕ್ಕದಲ್ಲಿ ಹೀಗೆ. ಕಾಡಿನ ಲೆಕ್ಕ ಬೇರೆ. ಅದನ್ನು ತಿಳಿಯಬೇಕಾದರೆ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಇಪ್ಪತ್ತೈದು ಸಾವಿರ ಪ್ರಭೇದಗಳ ಈ ಕುಟುಂಬದಲ್ಲಿ ಮರಗಳು ಇಷ್ಟು ವಿರಳವೇಕೆ? ಮಳೆಕಾಡಿನ ಮರಗಳಂತೂ ಬೆರಳಿನಲ್ಲಿ ಎಣಿಸುವಷ್ಟು ಮಾತ್ರ ನಮ್ಮ ಘಟ್ಟದಲ್ಲಿವೆ; ಉಳಿದವುಗಳೆಲ್ಲ ಗಿಡಗಳು, ಪೊದೆಗಳು, ಬಳ್ಳಿಗಳು.

ಉತ್ತರ ಬೀಜದಲ್ಲಿದೆ. ಮಳೆಕಾಡಿನ ಒಳಗೆ ನಡುಹಗಲಿನಲ್ಲಿಯೂ ಮಬ್ಬು. ಮೇಲಿನ ಮರಗಳ ಮೇಲೆ ಬೀಳುವ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ. ಈ ಮಬ್ಬಿನಲ್ಲಿ ಮೊಳೆಯುವ ಸಸಿಗೆ ತಾಯಿ ಬುತ್ತಿ ಕಟ್ಟಿಕೊಡಬೇಕು. ಧೂಪದ ಮರ ಹಾಗೆಯೇ ಮಾಡುತ್ತದೆ. ಅದರ ಬೀಜ ಮುಷ್ಟಿಯನ್ನು ತುಂಬುವಂಥದು. ಬಿದ್ದ ಕೆಲವೇ ದಿನಗಳಲ್ಲಿ ಮೊಳೆತು, ಬುತ್ತಿಯನ್ನು ಉಣ್ಣುತ್ತ, ನೆರಳಿನಲ್ಲಿಯೇ ವರ್ಷಗಟ್ಟಲೆ ಕಾಯಬಲ್ಲುದು. ಆದರೆ ಭಾರವಾದ ಬೀಜ ದೂರ ಹೋಗಲಾರದು. ಸಹದೇವಿಯ ಮನೆತನದವರು ಬೇರೆ ದಾರಿ ಹಿಡಿದರು. ಬುತ್ತಿ ಬೇಡ, ರೆಕ್ಕೆ ಸಾಕು ಎಂದರು. ಎಳ್ಳಿನಷ್ಟು ಬೀಜ, ಅದಕ್ಕೊಂದು ಕುಚ್ಚು. ಸಾವಿರಗಟ್ಟಲೆ ಹೊರಡುತ್ತವೆ, ದೂರದೂರ ಬೀಳುತ್ತವೆ. ಬಿದ್ದ ಸ್ಥಳದಲ್ಲಿ ಬಿಸಿಲಿದ್ದರೆ ಬದುಕು, ಇಲ್ಲವಾದರೆ ಸಾವು. ಬಯಲು, ಹೊಲ, ಬೆಟ್ಟದ ಬೋಳು ನೆತ್ತಿ, ರಸ್ತೆಯ ಬದಿ, ಇವೆಲ್ಲ ಇಂಥವರ ರಾಜ್ಯ. ದಟ್ಟವಾದ ಕಾಡು ಅವರಿಗೆ ಮುಚ್ಚಿದ ಬಾಗಿಲು.

ಹಾಗಾದರೆ ವರ್ನೋನಿಯ ಮರ ಅಲ್ಲಿಗೆ ಹೇಗೆ ಹೊಕ್ಕಿತು? ಬಾಗಿಲು ಆಗಾಗ ತೆರೆಯುತ್ತದೆ. ಆಷಾಢದ ಗಾಳಿಮಳೆಯಲ್ಲಿ ನೂರಾರು ವರ್ಷ ಬಾಳಿದ ಒಂದು ಹೆಮ್ಮರ ಬುಡಮೇಲಾಗಿ ಉರುಳುತ್ತದೆ. ಉರುಳುವಾಗ ನೆರೆಯ ನಾಲ್ಕಾರು ಮರಗಳನ್ನೂ ಬಳ್ಳಿಗಳನ್ನೂ ಎಳೆದುಕೊಂಡು ಬೀಳುತ್ತದೆ. ಹಸುರು ಚಾವಣಿಯಲ್ಲಿ ಒಂದು ಬೆಳಕಿಂಡಿ ತೆರೆದಂತಾಗುತ್ತದೆ. ಅಲ್ಲಿಯವರೆಗೆ ಬಿಸಿಲನ್ನೇ ಕಾಣದ ನೆಲಕ್ಕೆ ಮೊದಲ ಬಾರಿಗೆ ಬೆಳಕು ಬೀಳುತ್ತದೆ. ದೊಡ್ಡ ದುಂಡೆಲೆಯ ಉಪ್ಪಳಿಗೆಯಂಥ ಅವಸರದ ಮರಗಳು ಅಲ್ಲಿ ತಲೆಯೆತ್ತುತ್ತವೆ. ಗಾಳಿಯ ಮೇಲೆ ಬಂದ ವರ್ನೋನಿಯದ ಬೀಜವೂ ಅಲ್ಲಿ ಇಳಿದರೆ ಮೊಳೆಯುತ್ತದೆ. ಗಟ್ಟಿಯಾದ ಮರವನ್ನು ಕಟ್ಟುತ್ತ ಕೂರುವಷ್ಟು ಸಮಯ ಅದಕ್ಕಿಲ್ಲ. ಹಗುರವಾದ ಕಾಂಡವನ್ನು ಬೇಗ ಬೇಗ ಎತ್ತಿ, ಕಿಂಡಿ ಮುಚ್ಚುವುದರೊಳಗೆ ಚಾವಣಿಯನ್ನು ಮುಟ್ಟಬೇಕು. ಬಡಗಿಗೆ ಬೇಡವಾದ ಆ ಹಗುರತನವೇ ಅದರ ಬದುಕಿನ ಉಪಾಯ. ಅದು ಎತ್ತಿದ ನೆರಳಿನಲ್ಲಿ ನೆಲ ತಂಪಾಗುತ್ತದೆ, ತರಗೆಲೆ ಕೂಡುತ್ತದೆ. ಆ ತಂಪಿನಲ್ಲಿ ಧೂಪ, ಬೋಗಿ, ರಾಮಪತ್ರೆಗಳ ಸಸಿಗಳು ನಿಧಾನವಾಗಿ ಏಳುತ್ತವೆ. ಕೊನೆಗೊಂದು ದಿನ ಅವು ಇದನ್ನು ಮೀರಿ ಬೆಳೆಯುತ್ತವೆ. ತನ್ನ ನೆರಳಿನಲ್ಲಿ ತನ್ನ ಮಕ್ಕಳೇ ಬೆಳೆಯಲಾರವು; ಅಷ್ಟರಲ್ಲಿ ಅದರ ಬೀಜಗಳು ಇನ್ನೆಲ್ಲಿಯೋ ತೆರೆದ ಇನ್ನೊಂದು ಕಿಂಡಿಗೆ ಹೊರಟುಹೋಗಿರುತ್ತವೆ.

ಕಾಡಿನಲ್ಲಿ ಮನುಷ್ಯನೂ ಕಿಂಡಿ ತೆರೆಯುತ್ತಿದ್ದ. ಹಿಂದಿನ ಕಾಲದಲ್ಲಿ ಘಟ್ಟದ ಬುಡದಲ್ಲಿ ಕುಮರಿ ಎಂಬ ಬೇಸಾಯವಿತ್ತು. ಕಾಡಿನ ಒಂದು ತುಂಡನ್ನು ಕಡಿದು, ಒಣಗಿದ ಮೇಲೆ ಸುಟ್ಟು, ಬೂದಿಯಲ್ಲಿ ರಾಗಿಯಂಥ ಬೆಳೆಯನ್ನು ತೆಗೆದು, ಒಂದೆರಡು ವರ್ಷಗಳಲ್ಲಿ ಅದನ್ನು ಬಿಟ್ಟು ಇನ್ನೊಂದು ಕಡೆಗೆ ಹೋಗುವುದು. ಬುಕಾನನ್ ಇದನ್ನೂ ತನ್ನ ದಿನಚರಿಯಲ್ಲಿ ವಿವರಿಸಿದ್ದಾನೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅರಣ್ಯ ಇಲಾಖೆ ಬಲಗೊಂಡಂತೆ ಕುಮರಿಗೆ ನಿರ್ಬಂಧ ಬಂದಿತು. ಕುಮರಿಯಿಂದ ಕಾಡು ಹಾಳಾಯಿತು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನನಗೆ ಸರಿಕಾಣುವುದಿಲ್ಲ. ಬಿಟ್ಟ ತುಂಡಿಗೆ ಮರಳಿ ಬರುವ ಮುನ್ನ ಹಲವು ವರ್ಷ ಸಂದರೆ, ಬೀಜ ಕೊಡುವ ಕಾಡು ನಾಲ್ಕು ಕಡೆಯೂ ಉಳಿದಿದ್ದರೆ, ಅದೂ ಒಂದು ದೊಡ್ಡ ಕಿಂಡಿಯಷ್ಟೆ. ಅವಧಿ ಕಡಿಮೆಯಾದರೆ, ಸುತ್ತಿನ ಕಾಡೇ ಇಲ್ಲವಾದರೆ, ಮಾತು ಬೇರೆ.

ನಮ್ಮ ಮರದ ಜಾತಿ ಭಾರತ, ಸಿಂಹಳಗಳಿಂದ ಹಿಡಿದು ಮಲಯ, ಸುಮಾತ್ರಗಳವರೆಗೂ ಹರಡಿದೆ. ಅಲ್ಲಿಯೂ ಕಡಿದುಬಿಟ್ಟ ಕಾಡು ಮತ್ತೆ ಏಳುವಾಗ ಅದು ಕಾಣಿಸಿಕೊಳ್ಳುತ್ತದೆ. ಭೂಗೋಳದ ಆಚೆ ಬದಿಯಲ್ಲಿ, ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಮಳೆಕಾಡಿನಲ್ಲಿ, ಇದೇ ಕುಟುಂಬದ ಪಿಗ್ವೆ ಎಂಬ ಮರ ಇದೇ ಕೆಲಸವನ್ನು ಮಾಡುತ್ತದೆ. ದನ ಮೇಯಿಸಿ ಬಿಟ್ಟ ಹುಲ್ಲುಗಾವಲಿನಲ್ಲಿ ಅದು ಮೊದಲು ಏಳುತ್ತದೆ. ರೈತರು ಅದರ ಹಗುರವಾದ ಹಲಗೆಯಿಂದ ಹಣ್ಣು ತುಂಬುವ ಪೆಟ್ಟಿಗೆಗಳನ್ನು ಮಾಡುತ್ತಾರೆ. ಬೇಡವಾದುದು ಯಾವುದೂ ಇಲ್ಲ. ಬೇಕು ಎನ್ನುವವರು ಬೇಕಷ್ಟೆ!

ಇಷ್ಟಾಗಿ, ಹಾರುವ ಬೀಜ, ಬೆಳಕಿನ ಹಸಿವು, ಬೇಗನೆ ಬೆಳೆಯುವ ಗುಣ, ಇವು ವರ್ನೋನಿಯ ಮರದ ಸ್ವತ್ತು ಮಾತ್ರವಲ್ಲ. ಇವೇ ಗುಣಗಳುಳ್ಳ ಇನ್ನೊಂದು ನೆಂಟನನ್ನು ನೀವು ದಿನವೂ ನೋಡುತ್ತೀರಿ. ಬ್ರಹ್ಮಾವರದ ಸುತ್ತಿನ ಹಾಡಿಗಳಲ್ಲಿ, ಕಲ್ಲು ಕಡಿದು ಬಿಟ್ಟ ಮುರಕಲ್ಲಿನ ಹೊಂಡಗಳ ಅಂಚಿನಲ್ಲಿ, ಬೈಂದೂರಿನ ರೈಲುಹಾದಿಯ ಬದಿಯಲ್ಲಿ, ಆಳೆತ್ತರಕ್ಕೆ ಬೆಳೆದು ಪುಷ್ಯಮಾಸದ ಹೊತ್ತಿಗೆ ಮಾಸಲು ನೇರಿಳೆ ಹೂವಿನಿಂದ ಮುಚ್ಚಿಹೋಗುವ ಪೊದೆ ಅದು. ಜನ ಅದನ್ನು ಕಮ್ಯುನಿಸ್ಟ್ ಗಿಡ ಎನ್ನುತ್ತಾರೆ. ಶಾಸ್ತ್ರದ ಹೆಸರು ಕ್ರೋಮೊಲೀನ. ಎಲೆಯನ್ನು ಹಿಚುಕಿ ಗಾಯಕ್ಕೆ ಹಚ್ಚಿಕೊಳ್ಳದ ಹುಡುಗರು ನಮ್ಮ ಕಡೆ ಇಲ್ಲ. ಮೂಲತಃ ಅಮೆರಿಕ ಖಂಡದ ಈ ಗಿಡವನ್ನು 1840ರ ದಶಕದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ತೋಟದ ಬೇಲಿ ಅದಕ್ಕೆ ಏನು ತಡೆ? ಮುಂದಿನ ನೂರು ವರ್ಷಗಳಲ್ಲಿ ಅದು ಬಂಗಾಳ, ಅಸ್ಸಾಮುಗಳನ್ನು ತುಂಬಿ, ಘಟ್ಟದ ಕೆಳಗಿನ ನಮ್ಮ ಕರಾವಳಿಯವರೆಗೂ ಇಳಿದುಬಂದಿತು.

ಒಂದೇ ಗುಣ ಒಂದು ಕಡೆ ಕಾಡಿಗೆ ಮದ್ದು, ಇನ್ನೊಂದು ಕಡೆ ಕಾಡಿಗೆ ಮುಳುವು. ಇದು ಹೇಗೆ? ವರ್ನೋನಿಯ ಮರ ಒಳ್ಳೆಯದು, ಕಮ್ಯುನಿಸ್ಟ್ ಗಿಡ ಕೆಟ್ಟದು ಎಂದು ತೀರ್ಪು ಕೊಟ್ಟು ಎದ್ದುಬಿಡುವುದು ಸುಲಭ. ಸಸ್ಯಗಳಲ್ಲಿ ಸಜ್ಜನರೂ ದುರ್ಜನರೂ ಇಲ್ಲ. ಮರ ಬಿದ್ದು ತೆರೆದ ಚಿಕ್ಕ ಕಿಂಡಿಯಲ್ಲಿ ಕಮ್ಯುನಿಸ್ಟ್ ಗಿಡ ಹುಟ್ಟಿದರೂ ಬಹುಕಾಲ ಬಾಳಲಾರದು. ನೆರಳು ಮುಚ್ಚಿತೆಂದರೆ ಸೊರಗುತ್ತದೆ. ಬೆಟ್ಟದ ಒಂದು ಮಗ್ಗುಲನ್ನೇ ಬೋಳಿಸಿದ ಜಾಗದಲ್ಲಿ, ವರ್ಷವರ್ಷವೂ ಬೆಂಕಿ ಬೀಳುವ ಹಾಡಿಯಲ್ಲಿ, ಅದರ ಕಥೆ ಬೇರೆ. ದನ ಅದನ್ನು ತಿನ್ನುವುದಿಲ್ಲ. ತವರಿನಲ್ಲಿ ಅದನ್ನು ಕಾಡುವ ಹುಳುಗಳು ಅದರೊಡನೆ ಇಲ್ಲಿಗೆ ಬರಲಿಲ್ಲ. ಬೇಸಗೆಯಲ್ಲಿ ಒಣ ಕಡ್ಡಿ ಬೆಂಕಿಯನ್ನು ಹಬ್ಬಿಸುತ್ತದೆ. ಬೆಂಕಿ ಮರದ ಸಸಿಗಳನ್ನು ಕೊಲ್ಲುತ್ತದೆ. ಮೊದಲ ಮಳೆಗೆ ಈ ಗಿಡ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಹೀಗೆ ಕಿಂಡಿ ಮುಚ್ಚುವುದೇ ಇಲ್ಲ. ಬಂದ ನೆಂಟ ಮನೆಯ ಯಜಮಾನನಾಗುತ್ತಾನೆ. ನಾವು ಅವನನ್ನು ಬಯ್ಯುತ್ತೇವೆ. ಬಾಗಿಲನ್ನು ಅಷ್ಟು ಅಗಲವಾಗಿ ತೆರೆದವರು ಯಾರು ಎಂದು ಕೇಳಿಕೊಳ್ಳುವುದಿಲ್ಲ.

ಈ ಕಥೆಯ ಕನ್ನಡಿಯ ಪ್ರತಿಬಿಂಬ ಶಾಂತಸಾಗರದ ನಡುವೆ ಇದೆ. ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ, ನೆಲದಿಂದ ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ, ಗಲಾಪಗೋಸ್ ದ್ವೀಪಗಳಿವೆ. 1835ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಇಳಿದ ದ್ವೀಪಗಳು ಇವು. ಹಿಂದೆಂದೋ ಆಸ್ಟರೇಸಿಯ ಒಂದು ಸಸ್ಯದ ಬೀಜ ಇಲ್ಲಿಗೆ ಬಂದು ಸೇರಿತು. ಎದುರಾಳಿಗಳಾದ ದೊಡ್ಡ ಮರಗಳು ಇಲ್ಲದ ನೆಲ. ಎತ್ತರಕ್ಕೆ ಬೆಳೆದವರಿಗೆ ಬಿಸಿಲೆಲ್ಲ ಸ್ವಂತ. ಅದರ ಸಂತತಿ ಹಲವು ಪ್ರಭೇದಗಳಾಗಿ ಒಡೆಯಿತು. ಅವುಗಳಲ್ಲಿ ಕೆಲವು ಮರಗಳೇ ಆದವು. ಈ ಜಾತಿಗೆ ಸ್ಕೇಲೇಸಿಯ ಎಂದು ಹೆಸರು. ಜಗತ್ತಿನಲ್ಲಿ ಬೇರೆಲ್ಲಿಯೂ ಇದು ತಾನಾಗಿ ಬೆಳೆಯುವುದಿಲ್ಲ. ಸಾಂಟಾ ಕ್ರೂಸ್ ದ್ವೀಪದ ತೇವದ ಎತ್ತರದಲ್ಲಿ ಇವುಗಳದೇ ಒಂದು ಕಾಡಿದೆ. ನಮ್ಮ ವರ್ನೋನಿಯ ನೂರು ಜಾತಿಯ ಮರಗಳ ನೂಕುನುಗ್ಗಲಿನಲ್ಲಿ ಒಂದು ಕಿಂಡಿಗಾಗಿ ಕಾದು ಗೆದ್ದ ಮರ. ಸ್ಕೇಲೇಸಿಯ ಯಾರೂ ಇಲ್ಲದ ಮನೆಯಲ್ಲಿ ಕಾಲು ಚಾಚಿದ ಮರ. ಇವೆರಡರಲ್ಲಿ ನಮ್ಮದರ ಸಾಹಸವೇ ದೊಡ್ಡದೆಂದು ನನ್ನ ಅಭಿಪ್ರಾಯ. ಊರಿನ ಮೇಲಿನ ಪಕ್ಷಪಾತವೂ ಅದರಲ್ಲಿ ಸ್ವಲ್ಪ ಸೇರಿರಬಹುದು.

ಆ ಕಾಡಿಗೂ ಒಂದು ಕ್ರಮವಿತ್ತು. ಮುದಿಯಾದ ಮರಗಳು ಒಟ್ಟಿಗೆ ಸಾಯುತ್ತಿದ್ದವು. ತೆರೆದ ಬೆಳಕಿನಲ್ಲಿ ಹೊಸ ಸಸಿಗಳು ಒಟ್ಟಿಗೆ ಏಳುತ್ತಿದ್ದವು. 1982–83ರಲ್ಲಿ ಎಲ್ ನಿನ್ಯೊ ಎಂಬ ಕಡಲಿನ ಬಿಸಿಯಿಂದ ಅತಿಯಾದ ಮಳೆ ಸುರಿದು ಹಳೆಯ ಮರಗಳು ಗುಂಪಾಗಿ ಸತ್ತಾಗಲೂ ಹೊಸ ತಲೆಮಾರು ಎದ್ದುನಿಂತಿತು. ಈಗ ಅಲ್ಲಿ ಒಂದು ಮುಳ್ಳುಪೊದೆ ತುಂಬಿಕೊಂಡಿದೆ. ಅದು ಸ್ಕೇಲೇಸಿಯದ ಸಸಿಗಳಿಗೆ ಬೆಳಕನ್ನು ಬಿಡುವುದಿಲ್ಲ. ಕಪ್ಪುಹಣ್ಣಿನ ಆ ಪೊದೆ ಎಲ್ಲಿಯದು ಗೊತ್ತೆ? ಹಿಮಾಲಯದಿಂದ ನಮ್ಮ ದಕ್ಷಿಣದ ಬೆಟ್ಟಗಳವರೆಗೆ ತಾನಾಗಿ ಬೆಳೆಯುವ ಕಾಡುಹಣ್ಣಿನ ಗಿಡ ಅದು. ರೂಬಸ್ ನಿವಿಯಸ್ ಎಂಬುದು ಶಾಸ್ತ್ರದ ಹೆಸರು. ಹೊರದೇಶಗಳಲ್ಲಿ ಅದನ್ನು ಮೈಸೂರು ರಾಸ್‌ಬೆರಿ ಎಂದೇ ಕರೆಯುತ್ತಾರೆ. ಅಮೆರಿಕದ ಸೇವಂತಿಗೆಯ ನೆಂಟ ಇಲ್ಲಿ ನಮ್ಮ ಹಾಡಿಯನ್ನು ಮುಚ್ಚಿದರೆ, ಮೈಸೂರಿನ ಹೆಸರು ಹೊತ್ತ ಮುಳ್ಳುಗಿಡ ಅಲ್ಲಿ ಸೇವಂತಿಗೆಯ ನೆಂಟನ ಕಾಡನ್ನೇ ಮುಚ್ಚುತ್ತಿದೆ! ಅಲ್ಲಿಯ ರಾಷ್ಟ್ರೀಯ ಉದ್ಯಾನದವರು ಆಯ್ದ ತುಂಡುಗಳಲ್ಲಿ ಆ ಮುಳ್ಳನ್ನು ಕಡಿದು ಕಡಿದು, ಮರದ ಸಸಿಗಳಿಗೆ ಬೆಳಕು ಬಿಡಿಸುವ ಕೆಲಸದಲ್ಲಿದ್ದಾರೆ.

ನಮ್ಮ ಕಡೆ ಕೊಲ್ಲೂರಿನ ಸುತ್ತಿನ ಕಾಡನ್ನು 1974ರಲ್ಲಿ ಮೂಕಾಂಬಿಕಾ ವನ್ಯಧಾಮವೆಂದು ಘೋಷಿಸಿದರು; 2011ರಲ್ಲಿ ಅದರ ಮೇರೆಯನ್ನು ಇನ್ನಷ್ಟು ವಿಸ್ತರಿಸಿದರು. ಹೀಗೆ ಒಂದು ದೊಡ್ಡ ಕಾಡು ಉಳಿದಿರುವುದರಿಂದಲೇ ಅದರೊಳಗಿನ ಕಿಂಡಿಗಳು ಕಿಂಡಿಗಳಾಗಿಯೇ ಇವೆ. ಕಾಡಿನ ಅಂಚಿನಲ್ಲಿ ಮಾತ್ರ ಪರೀಕ್ಷೆ ನಡೆಯುತ್ತಲೇ ಇದೆ. ರಸ್ತೆ ಅಗಲವಾದಾಗ, ವಿದ್ಯುತ್ತಿನ ತಂತಿಗೆ ದಾರಿ ಬಿಡಿಸಿದಾಗ, ಅಲ್ಲಿ ತೆರೆಯುವ ಬೆಳಕು ದುಂಡಗಿನ ಕಿಂಡಿಯಲ್ಲ. ಮೈಲಿಗಟ್ಟಲೆ ಹೋಗುವ ಸೀಳು. ಸವರಿ ಸವರಿ ಅದನ್ನು ಮುಚ್ಚಲು ಬಿಡುವುದಿಲ್ಲ. ಎರಡು ನೆಂಟರ ಬೀಜಗಳೂ ಅದೇ ಗಾಳಿಯಲ್ಲಿ ಅಲ್ಲಿಗೆ ಬರುತ್ತವೆ. ಯಾವುದು ಗೆಲ್ಲುತ್ತದೆ ಎಂಬುದನ್ನು ಕೊಲ್ಲೂರಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದಲೇ ನೋಡಬಹುದು.

ತಮ್ಮ ಊರಿನ ಸಸ್ಯಗಳನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಬರೆದರು. ಉಡುಪಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಕಲಿಸಿದ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಜಿಲ್ಲೆಯ ಹೂಗಿಡಗಳನ್ನೆಲ್ಲ ಹುಡುಕಿ ಗುರುತಿಸಿ, 2003ರಲ್ಲಿ 'ಫ್ಲೋರಾ ಆಫ್ ಉಡುಪಿ' ಎಂಬ ದೊಡ್ಡ ಗ್ರಂಥವನ್ನು ಹೊರತಂದರು. ಒಂದೊಂದು ಗಿಡವನ್ನೂ ಬಿಡಿಸಿ, ಎಣಿಸಿ, ಹೋಲಿಸಿ ಮಾಡಿದ ಕೆಲಸ ಅದು.

ಅಂಥ ಎಣಿಕೆಯನ್ನು ನೀವೂ ಮಾಡಬಹುದು. ವನ್ಯಧಾಮದಲ್ಲಿ ಒಂದು ಎಲೆಯನ್ನೂ ಕೀಳುವಂತಿಲ್ಲ. ಕೀಳುವ ಅಗತ್ಯವೂ ಇಲ್ಲ. ಚಳಿಗಾಲದಲ್ಲಿ ಕಾಡಿನ ಬದಿಯ ದಾರಿಯಲ್ಲಿ ನಡೆಯುವಾಗ, ಎತ್ತರದ ರೆಂಬೆಗಳ ತುದಿಯಲ್ಲಿ ಮಾಸಲು ನೇರಿಳೆಯ ಗೊಂಚಲು ಕಂಡರೆ ಅಲ್ಲಿಯೇ ನಿಂತು ಮರದ ಕೆಳಗೆ ನೋಡಿರಿ. ಉದುರಿದ ಹೂಚೆಂಡುಗಳು ದಾರಿಯ ಮೇಲೆಯೇ ಬಿದ್ದಿರಬಹುದು. ಅಂಗೈಯಲ್ಲಿ ಒಂದನ್ನು ಇಟ್ಟುಕೊಳ್ಳಿ. ಅದರ ಪಕ್ಕದಲ್ಲಿ ದಾರಿಬದಿಯ ಒಂದು ಸಹದೇವಿಯ ಹೂವನ್ನು ಇಡಿ. ಭೂತಗನ್ನಡಿಯಿಂದ ನೋಡುತ್ತ ಸೂಜಿಯ ಮೊನೆಯಿಂದ ಕಿರುಹೂಗಳನ್ನು ಒಂದೊಂದಾಗಿ ಬಿಡಿಸಿರಿ. ಒಂದರಲ್ಲಿ ಐದಾರು, ಇನ್ನೊಂದರಲ್ಲಿ ಇಪ್ಪತ್ತರ ಆಸುಪಾಸು. ಉಳಿದಂತೆ ಅದೇ ನಳಿಕೆ, ಅದೇ ಐದು ಸೀಳು, ಬುಡದಲ್ಲಿ ಅದೇ ಕೂದಲ ಕುಚ್ಚು. ಬಿಡಿಸುವಾಗ ಉಸಿರನ್ನು ಹಿಡಿದುಕೊಂಡಿರಬೇಕು. ಬೀಜ ಬಲಿತಿದ್ದರೆ ಎಣಿಸುವುದಕ್ಕೆ ಮೊದಲೇ ಹಾರಿಹೋಗುತ್ತದೆ.